ಕುರುವ ದ್ವೀಪಕ್ಕೆ ಎರಡು ದಿನ: ನಂಜನಗೂಡಿನಿಂದ ಹೊರಡುವವರ ಲೆಕ್ಕಾಚಾರ

ರಜೆ ಹತ್ತಿರ ಬಂತೆಂದರೆ ಕರಾವಳಿಯ ನಮಗೆ ಘಟ್ಟದ ಮೇಲಿನಿಂದ ಫೋನು ಬರುವುದು ವಾಡಿಕೆ. ಈ ಬಾರಿ ಬಂದದ್ದು ನಂಜನಗೂಡಿನಿಂದ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ದುಡಿಯುತ್ತಿರುವ ನಮ್ಮ ಕಡೆಯ ಒಂದು ಕುಟುಂಬ ಮತ್ತು ಟಿ. ನರಸೀಪುರದಲ್ಲಿ ನೆಲೆಸಿರುವ ಅವರ ಸಂಬಂಧಿಕರು, ಮಕ್ಕಳು ಮುದುಕರು ಸೇರಿ ಹನ್ನೊಂದು ಮಂದಿ, ಎರಡು ದಿನದ ಮಟ್ಟಿಗೆ ಎಲ್ಲಿಗಾದರೂ ಹೋಗಬೇಕು ಎಂದರು. ಮಕ್ಕಳ ಷರತ್ತು ಒಂದೇ: ಹೋಗುವ ಜಾಗ ದ್ವೀಪವಾಗಿರಬೇಕು, ಸುತ್ತ ನೀರಿರಬೇಕು.

ಸಮುದ್ರದ ಬದಿಯವರಾದ ನಮ್ಮನ್ನು ಕೇಳಿದರೆ ನಾವು ಮೊದಲು ಹೇಳುವುದು ಮಲ್ಪೆಯ ಸೈಂಟ್ ಮೇರೀಸ್ ದ್ವೀಪವನ್ನೇ. ಆದರೆ ನಂಜನಗೂಡಿನಿಂದ ಮಲ್ಪೆಗೆ ಹೋಗಿ ಬರುವುದರಲ್ಲಿಯೇ ಎರಡು ದಿನ ಮುಗಿಯುತ್ತದೆ. ಮೇಲಾಗಿ ಕಡಲಿನ ಪರಿಚಯವಿಲ್ಲದವರನ್ನು ಅಲ್ಲಿಗೆ ಕಳುಹಿಸುವಾಗ ನಮಗೆ 2022ರ ಏಪ್ರಿಲ್ ನೆನಪಾಗುತ್ತದೆ. ಆ ತಿಂಗಳು ಕೇರಳದಿಂದ ಪ್ರವಾಸ ಬಂದಿದ್ದ ಮೂವರು ವಿದ್ಯಾರ್ಥಿಗಳನ್ನು ಆ ದ್ವೀಪದ ಬಂಡೆಗಳ ಬದಿಯ ನೀರು ಬಲಿ ತೆಗೆದುಕೊಂಡಿತು. ಲಕ್ಷದ್ವೀಪದ ಮಾತೂ ಬಂತು. 2024ರ ಜನವರಿಯಲ್ಲಿ ಪ್ರಧಾನಿಯವರು ಅಲ್ಲಿಗೆ ಭೇಟಿ ನೀಡಿದ ಮೇಲೆ ಎಲ್ಲರ ಬಾಯಲ್ಲೂ ಅದೇ ಹೆಸರು. ಆದರೆ ಅದಕ್ಕೆ ಪ್ರವೇಶದ ಪರವಾನಗಿ ಬೇಕು, ಕೊಚ್ಚಿಯ ತನಕ ಪ್ರಯಾಣ ಬೇಕು, ಹಡಗಿನ ದಿನ ಹೊಂದಬೇಕು. ಎರಡು ದಿನದ ಮಾತಲ್ಲ ಅದು.

ಕೊನೆಗೆ ಉಳಿದದ್ದು ಕುರುವ. ವಿಚಿತ್ರವೆಂದರೆ ಮೂರರ ಪೈಕಿ ಇದೊಂದೇ ಅವರದೇ ಹೊಳೆಯ ದ್ವೀಪ, ಮತ್ತು ಇದೊಂದರ ಹೆಸರನ್ನೇ ಅವರು ಕೇಳಿರಲಿಲ್ಲ.

ನಂಜನಗೂಡಿನವರು ಕಪಿಲೆ ಎನ್ನುವ ಕಬಿನಿ ಹುಟ್ಟುವುದು ಕೇರಳದ ವಯನಾಡಿನಲ್ಲಿ. ಕೇರಳದ 44 ನದಿಗಳಲ್ಲಿ ಪೂರ್ವಕ್ಕೆ ಹರಿಯುವವು ಮೂರೇ. ಅವುಗಳಲ್ಲಿ ಕಬಿನಿ ಒಂದು. ಪನಮರಂ ಹೊಳೆ ಮತ್ತು ಮಾನಂದವಾಡಿ ಹೊಳೆ ಒಂದಾಗುವ ಜಾಗಕ್ಕೆ ಅಲ್ಲಿನವರು ಕೂಡಲ್‌ಕಡವ್ ಎನ್ನುತ್ತಾರೆ. ಇತ್ತ ಅದೇ ನದಿ ಕಾವೇರಿಯನ್ನು ಸೇರುವ ಊರು ತಿರುಮಕೂಡಲು ನರಸೀಪುರ. ಎರಡು ತುದಿಗೂ ಒಂದೇ ಮಾತು, ಕೂಡಲು. ಈ ಎರಡು ಕೂಡಲುಗಳ ನಡುವೆ ಹರಿಯುವ ನೀರು, ಹುಟ್ಟಿದ ಸ್ವಲ್ಪ ದೂರದಲ್ಲಿಯೇ ಹಲವು ಕವಲಾಗಿ ಒಡೆದು ಮತ್ತೆ ಸೇರುತ್ತದೆ. ಆ ಕವಲುಗಳ ನಡುವೆ ಉಳಿದ ಸುಮಾರು 950 ಎಕರೆಯ ನಿರ್ಜನ ಕಾಡಿನ ತುಂಡುಗಳೇ ಕುರುವ ದ್ವೀಪ. ನಮ್ಮ ಕರಾವಳಿಯಲ್ಲಿ ಇಂಥದ್ದನ್ನು ಕುದ್ರು ಎನ್ನುತ್ತೇವೆ. ಕನ್ನಡದ ಹಳೆಯ ಮಾತಿನಲ್ಲಿ ಕುರುವ ಎಂದರೂ ನಡುಗಡ್ಡೆಯೇ. ರಾಯಚೂರು ಕಡೆ ಕೃಷ್ಣೆಯ ನಡುವಿನ ಕುರ್ವಕುಲ, ಕುರ್ವಕುರ್ದಾ ಎಂಬ ಊರುಗಳನ್ನು ನೆನಪಿಸಿಕೊಂಡರೆ ಹೆಸರು ಪರಕೀಯವೆನಿಸದು.

ಅಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳಿದರೆ ಪಟ್ಟಿ ಮಾಡಿ ಹೇಳುವುದು ಕಷ್ಟ. ಬಿದಿರಿನ ತೆಪ್ಪದಲ್ಲಿ ಹೊಳೆ ದಾಟಬೇಕು. ದೊಡ್ಡ ಮರಗಳ ನೆರಳಿನಲ್ಲಿ ನಡೆಯಬೇಕು. ಬಂಡೆಗಳ ಮೇಲೆ ಕಾಲಿಟ್ಟು ಸಣ್ಣ ಕವಲುಗಳನ್ನು ದಾಟಬೇಕು. ಹಕ್ಕಿ, ಚಿಟ್ಟೆ, ಮರಕ್ಕೆ ಅಂಟಿದ ಸೀತಾಳೆ ಹೂವು ಕಂಡರೆ ಭಾಗ್ಯ. ಉಳಿದುಕೊಳ್ಳಲು ಒಳಗೆ ವ್ಯವಸ್ಥೆಯಿಲ್ಲ, ಇರಲೂ ಬಾರದು. ಹೋದವರು ಅಂದೇ ಹೊರಬರಬೇಕು. ಮೊಣಕಾಲು ನೋಯುವ ಹಿರಿಯರಿಗೆ ಬಂಡೆಗಳ ಮೇಲಿನ ಈ ನಡಿಗೆ ಹಿತವಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇಷ್ಟೇ ಆಗಿದ್ದರೆ ದಾರಿ ಹೇಳಿ ಸುಮ್ಮನಾಗುತ್ತಿದ್ದೆವು. ಆದರೆ ಕುರುವದ ಬಾಗಿಲು ಕೆಲವು ವರ್ಷಗಳಿಂದ ತೆರೆಯುತ್ತ ಮುಚ್ಚುತ್ತ ಇದೆ. ಕಾರಣವನ್ನು ತಿಳಿಯದೆ ಹೊರಟವರು ದಡದಲ್ಲಿ ನಿಂತು ಸಿಟ್ಟಾಗಿ ಹಿಂದಿರುಗುತ್ತಾರೆ.

2024ರ ಫೆಬ್ರವರಿಯನ್ನು ಗಮನಿಸಿ. ಆ ತಿಂಗಳ 10ರಂದು ಮಾನಂದವಾಡಿ ಬಳಿ ಒಂದು ಆನೆ ಜನವಸತಿಗೆ ನುಗ್ಗಿ, ಮನೆಯಂಗಳದವರೆಗೆ ಓಡಿದ ವ್ಯಕ್ತಿಯೊಬ್ಬರನ್ನು ತುಳಿದು ಕೊಂದಿತು. ಆ ಆನೆ ನಮ್ಮ ರಾಜ್ಯದ್ದು. 2023ರ ನವೆಂಬರ್ ಕೊನೆಯಲ್ಲಿ ಹಾಸನ ಜಿಲ್ಲೆಯ ಬೇಲೂರಿನ ಕಡೆ ಹಿಡಿದು, ಕುತ್ತಿಗೆಗೆ ರೇಡಿಯೋ ಕಾಲರ್ ಹಾಕಿ, ಬಂಡೀಪುರದ ಕಾಡಿನಲ್ಲಿ ಬಿಟ್ಟಿದ್ದ ಆನೆ ಅದು. ಬೇಲೂರು ಮಖ್ನಾ ಎಂದೇ ಅಲ್ಲಿನವರು ಕರೆದರು. ಕಾಲರ್‌ನ ಮಾಹಿತಿಯನ್ನು ಕರ್ನಾಟಕ ಸರಿಯಾಗಿ ಹಂಚಿಕೊಳ್ಳಲಿಲ್ಲ ಎಂದು ಕೇರಳ ದೂರಿತು. ಕರ್ನಾಟಕ ಸರ್ಕಾರ ಮೃತರ ಕುಟುಂಬಕ್ಕೆ 15 ಲಕ್ಷ ರೂಪಾಯಿ ಘೋಷಿಸಿತು. ನಮ್ಮ ರಾಜ್ಯದಲ್ಲಿ ಅದು ರಾಜಕೀಯ ಜಗಳವಾಯಿತು, ನಮ್ಮ ತೆರಿಗೆ ಹಣ ಕೇರಳಕ್ಕೇಕೆ ಎಂಬ ಮಾತೂ ಕೇಳಿಬಂತು. ಕೊನೆಗೆ ಆ ಕುಟುಂಬ ಹಣವನ್ನೇ ಬೇಡವೆಂದಿತು. ಆನೆ ನಮ್ಮದು, ಕಾಲರ್ ನಮ್ಮದು, ಸತ್ತವರು ಮಾತ್ರ ನಮ್ಮವರಲ್ಲ ಎಂಬ ಆ ವಾದ ನಮಗೆ ಅಂದೂ ಅರ್ಥವಾಗಲಿಲ್ಲ, ಇಂದೂ ಆಗುತ್ತಿಲ್ಲ.

ಅದಾಗಿ ಆರನೆಯ ದಿನ, ಫೆಬ್ರವರಿ 16ರಂದು, ಕುರುವ ಪರಿಸರ ಪ್ರವಾಸೋದ್ಯಮದಲ್ಲಿ ಕೆಲಸಕ್ಕಿದ್ದ ಸ್ಥಳೀಯ ನೌಕರರೊಬ್ಬರನ್ನು ಪಾಕ್ಕಂ ಬಳಿ ಕಾಡಾನೆ ತುಳಿಯಿತು. ಮಾನಂದವಾಡಿಯಿಂದ ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿಗೆ ಸಾಗಿಸಿದರೂ ಅವರು ಬದುಕಲಿಲ್ಲ. ಪ್ರವಾಸಿಗರ ಹಾದಿ ಕಾಯುವ ಕೆಲಸದಲ್ಲಿದ್ದವರು, ಕೆಲಸದ ವೇಳೆಯಲ್ಲಿಯೇ ಹೋದರು. ಮರುದಿನ ವಯನಾಡು ಬಂದ್ ಆಯಿತು, ಪುಲ್ಪಳ್ಳಿಯಲ್ಲಿ ಜನ ಬೀದಿಗಿಳಿದರು. ಕುರುವ ಮುಚ್ಚಿತು.

ಮತ್ತೆ ತೆರೆದದ್ದು ಎಂಟು ತಿಂಗಳ ನಂತರ, 2024ರ ಅಕ್ಟೋಬರ್ ಮಧ್ಯದಲ್ಲಿ. ಆಗ ಹಾಕಿದ ಷರತ್ತು ಮುಖ್ಯ. ದಿನಕ್ಕೆ 400 ಮಂದಿ ಮಾತ್ರ, ಪಾಲ್‌ವೆಳಿಚ್ಚಂ ಕಡೆಯಿಂದ 200, ಪಾಕ್ಕಂ ಕಡೆಯಿಂದ 200. ಬಾಯಲ್ಲಿ ಹೇಳುವಾಗ 400 ದೊಡ್ಡ ಸಂಖ್ಯೆಯಂತೆ ಕೇಳುತ್ತದೆ. ಶಾಲಾ ಪ್ರವಾಸದ ನಾಲ್ಕು ಬಸ್ಸು ಬಂದು ನಿಂತರೆ ಒಂದು ಬದಿಯ ಲೆಕ್ಕ ಅಲ್ಲಿಗೇ ಮುಗಿಯಿತು. 2023ರಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿ ಪೂರ್ಣವಾಗಿ ತೆರೆದ ಮೇಲೆ ಶನಿವಾರ ಬೆಳಿಗ್ಗೆ ಬೆಂಗಳೂರು ಬಿಟ್ಟವರು ಮಧ್ಯಾಹ್ನಕ್ಕೆ ವಯನಾಡಿನಲ್ಲಿರುತ್ತಾರೆ. ಅವರ ಕಾರುಗಳ ಸಾಲಿನ ಹಿಂದೆ ನಂಜನಗೂಡಿನ ಹನ್ನೊಂದು ಮಂದಿ ನಿಂತರೆ ಏನಾಗುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ಈ ಸಂಖ್ಯೆ ಆಗಾಗ ಬದಲಾಗುವಂಥದ್ದು. ಹೊರಡುವ ಮುನ್ನ ಅಂದಿನ ಸ್ಥಿತಿಯನ್ನು ವಿಚಾರಿಸಿಯೇ ಹೊರಡಬೇಕು.

ಈ ಮಿತಿಯ ಬಗ್ಗೆ ದೂರುಗಳಿವೆ. ದಡದಲ್ಲಿ ಚಹಾದಂಗಡಿ ಇಟ್ಟವರು, ಜೀಪು ಓಡಿಸುವವರು, ತೆಪ್ಪ ನಡೆಸುವವರು ಇವರಿಗೆ ಎಂಟು ತಿಂಗಳ ಬಾಗಿಲು ಮುಚ್ಚುವಿಕೆ ಎಂದರೆ ಎಂಟು ತಿಂಗಳ ಒಲೆಯ ಪ್ರಶ್ನೆ. ಮಿತಿ ಬೇಡವೆನ್ನುವವರೆಲ್ಲ ದುರಾಸೆಯವರು ಎಂದು ನಾವು ಹೇಳುವುದಿಲ್ಲ. ಆದರೂ ನಮ್ಮ ಅಭಿಪ್ರಾಯದಲ್ಲಿ ಮಿತಿ ಉಳಿಯಬೇಕು. ಉಳಿಸುವ ಖರ್ಚನ್ನು ಮಾತ್ರ ದಡದ ಬಡವರೊಬ್ಬರ ತಲೆಗೆ ಕಟ್ಟಬಾರದು. ಕಾಡು ಕಾಯುವ ತಾತ್ಕಾಲಿಕ ನೌಕರನಿಗೆ ಬಾಗಿಲು ಮುಚ್ಚಿದ ದಿನವೂ ಕೂಲಿ ಸಿಗಬೇಕು. ಆನೆ ಇರುವ ಹಾದಿಗೆ ಒಬ್ಬನನ್ನೇ ಕಳುಹಿಸಬಾರದು. ಪೆಟ್ಟಾದರೆ ಗುಡ್ಡ ಇಳಿದು ಕಲ್ಲಿಕೋಟೆಯ ತನಕ ಓಡದೆ ಚಿಕಿತ್ಸೆ ಸಿಗುವಂತಾಗಬೇಕು. ನಾವು ಕೊಡುವ ಟಿಕೆಟಿನ ಹಣ ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ, ಇದಕ್ಕೆ ಹೋಗಲಿ.

ಪ್ರವಾಸಿಗರ ನಡತೆಯ ಮಾತೂ ಬರಬೇಕು. 2024ರ ಡಿಸೆಂಬರ್‌ನಲ್ಲಿ, ಮೇಲೆ ಹೇಳಿದ ಅದೇ ಕೂಡಲ್‌ಕಡವ್‌ನಲ್ಲಿ, ಅಲ್ಲಿನ ತಡೆ ಅಣೆಕಟ್ಟು ನೋಡಲು ಬಂದವರ ನಡುವೆ ಜಗಳ ಹುಟ್ಟಿತು. ಬಿಡಿಸಲು ಬಂದ ಆದಿವಾಸಿ ವ್ಯಕ್ತಿಯೊಬ್ಬರ ಕೈ ಕಾರಿನ ಬಾಗಿಲಿಗೆ ಸಿಕ್ಕಿದ್ದರೂ ಕಾರು ನಿಲ್ಲಲಿಲ್ಲ, ಅರ್ಧ ಕಿಲೋಮೀಟರಿನಷ್ಟು ದೂರ ಅವರನ್ನು ರಸ್ತೆಯ ಮೇಲೆ ಎಳೆದುಕೊಂಡೇ ಹೋಯಿತು. ಮೊಕದ್ದಮೆ, ಬಂಧನ ಎಲ್ಲ ಆಯಿತು. ಆ ಬದಿಯ ಊರುಗಳಲ್ಲಿ ಹೊರಗಿನ ಕಾರು ಕಂಡರೆ ಮುಖ ಬಿಗಿಯಾಗುವುದಿದ್ದರೆ ಅದಕ್ಕೆ ಕಾರಣವಿಲ್ಲದಿಲ್ಲ.

ಇದು ಕೇರಳದ ಕಥೆ ಮಾತ್ರವೆಂದು ನಾವು ಬೀಗಬೇಕಾಗಿಲ್ಲ. ನಂಜನಗೂಡಿನಿಂದ ಹತ್ತಿರವೇ ಇರುವ ಸರಗೂರು ತಾಲ್ಲೂಕಿನಲ್ಲಿ 2025ರ ಅಕ್ಟೋಬರ್-ನವೆಂಬರ್ ತಿಂಗಳುಗಳಲ್ಲಿ ಹುಲಿ ದಾಳಿಗೆ ಸಾಲಾಗಿ ರೈತರು ಬಲಿಯಾದರು. ನವೆಂಬರ್ 7ರಂದು ಅರಣ್ಯ ಸಚಿವರು ಬಂಡೀಪುರ ಮತ್ತು ನಾಗರಹೊಳೆಯ ಸಫಾರಿಯನ್ನು ನಿಲ್ಲಿಸಲು ಆದೇಶಿಸಿದರು. ಸಿಬ್ಬಂದಿಯನ್ನು ಸಫಾರಿಯಿಂದ ತೆಗೆದು ಹುಲಿ ಹುಡುಕಲು ಹಚ್ಚಬೇಕಾಯಿತು. ಗಡಿಯ ಆಚೆ ಕುರುವ ಮುಚ್ಚಿದ್ದು, ಈಚೆ ಸಫಾರಿ ನಿಂತದ್ದು ಒಂದೇ ಕಾಡಿನ ಎರಡು ಸುದ್ದಿ. ಎರಡೂ ಕಡೆ ಜೀವ ಹೋದ ಮೇಲೆಯೇ ಆದೇಶ ಬಂದದ್ದು. 2024ರ ಮಾರ್ಚ್ 10ರಂದು ಬಂಡೀಪುರದಲ್ಲಿ ಕೇರಳ, ಕರ್ನಾಟಕದ ಸಚಿವರು ಕುಳಿತು, ತಮಿಳುನಾಡಿನ ಪ್ರತಿನಿಧಿಗಳೂ ಸೇರಿ, ಮಾನವ-ವನ್ಯಜೀವಿ ಸಂಘರ್ಷದ ಬಗ್ಗೆ ಮಾಹಿತಿ ಹಂಚಿಕೊಳ್ಳುವ ಒಪ್ಪಂದಕ್ಕೆ ಬಂದಿದ್ದರು. ಆನೆಯ ಸುಳಿವು ಗಡಿ ದಾಟುವಂತೆ ಇಂದು ಕುರುವ ತೆರೆದಿದೆಯೇ ಎಂಬ ಸಣ್ಣ ಮಾಹಿತಿಯೂ ದಾಟಿದರೆ, ಎಚ್.ಡಿ. ಕೋಟೆಯ ಬಸ್ ನಿಲ್ದಾಣದಲ್ಲೊಂದು ಕನ್ನಡ ಫಲಕ ತೂಗಿದರೆ, ಎಷ್ಟೋ ಡೀಸೆಲ್ ಮತ್ತು ಎಷ್ಟೋ ಜಗಳ ಉಳಿದೀತು.

ಇನ್ನು ದಾರಿಯ ವಿಚಾರ. ನಂಜನಗೂಡಿನಿಂದ ನಿಲಂಬೂರಿಗೆ ರೈಲು ಮಾರ್ಗವೆಂದು ದಶಕಗಳಿಂದ ಕೇಳುತ್ತಿದ್ದೇವೆ. ಹಳಿ ಇನ್ನೂ ಬಂದಿಲ್ಲ, ರಸ್ತೆಯೇ ಗತಿ. ರಸ್ತೆಗಳು ಎರಡು. ಒಂದು ಗುಂಡ್ಲುಪೇಟೆ, ಬಂಡೀಪುರ, ಮೂಲೆಹೊಳೆ ದಾಟಿ ಸುಲ್ತಾನ್ ಬತ್ತೇರಿ, ಪುಲ್ಪಳ್ಳಿ ಮೂಲಕ ಪಾಕ್ಕಂ ದಡಕ್ಕೆ. ಇನ್ನೊಂದು ಹುಲ್ಲಹಳ್ಳಿ, ಎಚ್.ಡಿ. ಕೋಟೆ, ಅಂತರಸಂತೆ, ಬಾವಲಿ ದಾಟಿ ಕಾಟ್ಟಿಕುಳಂ ಮೂಲಕ ಪಾಲ್‌ವೆಳಿಚ್ಚಂ ದಡಕ್ಕೆ. ಎರಡನೆಯದು ಹತ್ತಿರ, ನಂಜನಗೂಡಿನಿಂದ ನೂರು ಕಿಲೋಮೀಟರಿನ ಆಸುಪಾಸು. ಟಿ. ನರಸೀಪುರದವರು ನಂಜನಗೂಡಿಗೆ ಬಂದು ಸೇರಿಕೊಳ್ಳಬೇಕು.

ಎರಡೂ ರಸ್ತೆಗಳು ಹುಲಿ ಕಾಡಿನ ಮೂಲಕ ಹೋಗುತ್ತವೆ, ಎರಡಕ್ಕೂ ರಾತ್ರಿ ಬೀಗ. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ. ತುರ್ತು ವಾಹನ ಮತ್ತು ಬೆರಳೆಣಿಕೆಯ ಬಸ್ಸುಗಳಿಗಷ್ಟೇ ವಿನಾಯಿತಿ. ಬಾವಲಿಯ ರಸ್ತೆ ಇನ್ನೂ ಬಿಗಿ, ಸಂಜೆ 6ಕ್ಕೇ ಮುಚ್ಚಿದರೆ ಬೆಳಿಗ್ಗೆ 6ಕ್ಕೆ ತೆರೆಯುವುದು. ಇದನ್ನು ಮರೆತು ಸಂಜೆ ಆರೂಕಾಲಿಗೆ ಬಾವಲಿಗೆ ಬಂದವರು ಸುತ್ತು ಹೊಡೆದು ಬತ್ತೇರಿಯ ಕಡೆಗೆ ಓಡಬೇಕು, ಅಲ್ಲಿ 9ರೊಳಗೆ ತಲುಪದಿದ್ದರೆ ರಾತ್ರಿ ಕಾರಿನಲ್ಲಿಯೇ. ರಾತ್ರಿ ಸಂಚಾರದ ವಿವಾದ ನ್ಯಾಯಾಲಯದ ಮೆಟ್ಟಿಲೇರಿ ವರ್ಷಗಳಾದವು. ವಯನಾಡಿನವರ ಕಷ್ಟ ಸುಳ್ಳಲ್ಲ. ಆದರೆ ಎರಡು ದಿನದ ಮಜಾಕ್ಕೆ ಹೋಗುವ ನಾವು ಆ ಪಟ್ಟಿಯಲ್ಲಿ ಸೇರಲಾರೆವು.

ಹಾಗಾಗಿ ನಾವು ಹಾಕಿಕೊಟ್ಟ ಲೆಕ್ಕ ಹೀಗೆ. ಮೊದಲ ದಿನ ಬೆಳಿಗ್ಗೆ ನಿಧಾನವಾಗಿ ಹೊರಟು, ಹಗಲಿನಲ್ಲಿಯೇ ಬಾವಲಿ ದಾಟಿ, ಮಾನಂದವಾಡಿಯಲ್ಲಿ ತಂಗುವುದು. 1805ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಮಡಿದ ಪಳಶ್ಶಿ ರಾಜನ ಸಮಾಧಿ ಆ ಊರಲ್ಲಿದೆ, ಸಂಜೆಗೆ ಅದು ಸಾಕು. ಎರಡನೆಯ ದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಪಾಲ್‌ವೆಳಿಚ್ಚಂ ದಡದಲ್ಲಿ ನಿಲ್ಲುವುದು. ಮಧ್ಯಾಹ್ನದ ಊಟಕ್ಕೆ ಹೊರಗೆ. ನಾಲ್ಕು ಗಂಟೆಯೊಳಗೆ ಬಾವಲಿ. ಶನಿವಾರ-ಭಾನುವಾರ ಬೇಡವೇ ಬೇಡ. ಪ್ಲಾಸ್ಟಿಕ್ ಬಾಟಲಿ, ಚಿಪ್ಸ್ ಪೊಟ್ಟಣ ಮನೆಯಲ್ಲಿ ಬಿಟ್ಟು, ಸ್ಟೀಲ್ ಚೊಂಬು ಹಿಡಿದು ಹೋಗುವುದು. ಒದ್ದೆಯಾದರೂ ಜಾರದ ಚಪ್ಪಲಿ.

ಯಾವ ತಿಂಗಳು ಎಂಬ ಪ್ರಶ್ನೆಗೆ ಉತ್ತರ ನಂಜನಗೂಡಿನ ಸ್ನಾನಘಟ್ಟದಲ್ಲಿಯೇ ಇದೆ. ಮುಂಗಾರು ಹಿಡಿದರೆ ಕುರುವದ ಕವಲುಗಳು ತುಂಬಿ ಬಂಡೆಗಳು ಮುಳುಗುತ್ತವೆ, ದ್ವೀಪ ಮುಚ್ಚುತ್ತದೆ. ಅದೇ ನೀರು ಕೆಳಗೆ ಬೀಚನಹಳ್ಳಿಯ ಕಬಿನಿ ಜಲಾಶಯಕ್ಕೆ ಬರುತ್ತದೆ. 19.52 ಟಿಎಂಸಿಯ ಈ ಜಲಾಶಯ ವಯನಾಡಿನ ಮಳೆಗೆ ಬೇಗ ತುಂಬುತ್ತದೆ, ಹೆಚ್ಚಿನ ವರ್ಷಗಳಲ್ಲಿ ರಾಜ್ಯದಲ್ಲಿ ಮೊದಲು ತುಂಬುವುದು ಇದೇ. ತುಂಬಿದ ಮೇಲೆ ಬಂದಷ್ಟೂ ಬಿಡಲೇಬೇಕು. ಆಗ ನಂಜನಗೂಡಿನ ಹದಿನಾರು ಕಾಲಿನ ಮಂಟಪ ನೀರಿಗಿಳಿಯುತ್ತದೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಮಲ್ಲನಮೂಲೆ ಬಳಿ ಮೈಸೂರು ರಸ್ತೆಯೇ ಮುಳುಗಿ ಸಂಚಾರ ನಿಂತಿತ್ತು. 2024ರ ಜುಲೈ ಕೊನೆಯಲ್ಲಿಯೂ ಕಪಿಲೆ ಉಕ್ಕಿದಳು. ಆ ವಾರವೇ, ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದದ್ದು. ಆ ನೀರು ಪಶ್ಚಿಮಕ್ಕೆ ಹರಿಯುವ ಚಾಲಿಯಾರಿನದು, ಕಬಿನಿಯದಲ್ಲ. ಆದರೆ ಅಲ್ಲಿನ ಚಹಾ ತೋಟಗಳಲ್ಲಿ ಕೂಲಿಗೆ ಹೋಗಿದ್ದ ನಮ್ಮ ಮೈಸೂರು, ಚಾಮರಾಜನಗರ ಸೀಮೆಯ ಮನೆಗಳವರೂ ಮಣ್ಣಿನಡಿ ಸಿಲುಕಿದರು. ವಯನಾಡಿಗೆ ನಮ್ಮವರು ಪ್ರವಾಸಕ್ಕಿಂತ ಮೊದಲು ಹೋದದ್ದು ಕೂಲಿಗೆ.

ಆದ್ದರಿಂದ ಮಳೆಗಾಲ ಮುಗಿದು, ಮಂಟಪದ ಬುಡ ಒಣಗಿ, ಘಟ್ಟದ ಮೆಟ್ಟಿಲುಗಳು ಕಾಣಿಸಿಕೊಂಡ ಮೇಲೆ ವಿಚಾರಿಸುವುದು. ಡಿಸೆಂಬರ್‌ನಿಂದ ಫೆಬ್ರವರಿ ಹಿತ. ಮಾರ್ಚ್‌ನ ನಂತರ ಕಾಡು ಒಣಗಿ, ಆನೆಗಳು ನೀರಿಗಾಗಿ ಹೊಳೆಯತ್ತ ಬರುತ್ತವೆ, ಬೆಂಕಿಯ ಭಯವೂ ಇರುತ್ತದೆ.

ಒಂದು ಮಾತನ್ನು ಫೋನಿನಲ್ಲಿ ಹೇಳಿ ಮುಗಿಸಲಾಗಲಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಕರ್ನಾಟಕದ 17 ನದಿಗಳಲ್ಲಿ ಕಲುಷಿತ ಭಾಗಗಳನ್ನು ಗುರುತಿಸಿದಾಗ ಕಬಿನಿ ಆ ಪಟ್ಟಿಯಲ್ಲಿತ್ತು, ಅದೂ ನಂಜನಗೂಡಿನ ಬಳಿ. ನಾವು ಕರಾವಳಿಯವರು ಬೆರಳು ತೋರಿಸುವ ಹಾಗಿಲ್ಲ, ನೇತ್ರಾವತಿ, ಕುಮಾರಧಾರಾ ಕೂಡ ಅದೇ ಪಟ್ಟಿಯಲ್ಲಿದ್ದವು. ಈ ನದಿ ಕುರುವದಿಂದ ಹೊರಡುವಾಗ ಹೇಗಿರುತ್ತದೆ, ನಂಜನಗೂಡು ದಾಟುವಾಗ ಹೇಗಾಗಿರುತ್ತದೆ ಎಂಬುದನ್ನು ಒಂದೇ ವಾರದಲ್ಲಿ ಎರಡೂ ಕಡೆ ಕೈ ಅದ್ದಿ ನೋಡಬಲ್ಲವರು ಅಲ್ಲಿನ ಮಕ್ಕಳು. ಟಿ. ನರಸೀಪುರದಲ್ಲಿ ಅದೇ ನೀರಿನಲ್ಲಿ 2025ರ ಫೆಬ್ರವರಿ 10ರಿಂದ ಮೂರು ದಿನ ಕುಂಭಮೇಳ ನಡೆದು ಅಸಂಖ್ಯ ಜನ ಮಿಂದರು. ಅಲ್ಲಿಂದ ಕೆಳಗೆ ಕಾವೇರಿಯ ಹೆಸರಿನಲ್ಲಿ ತೊರೆಕಾಡನಹಳ್ಳಿಗೆ ಹೋಗಿ ಬೆಂಗಳೂರಿನ ನಲ್ಲಿಯಲ್ಲಿ ಬರುವುದೂ ಇದರ ಪಾಲು ಸೇರಿದ ನೀರೇ. ಶನಿವಾರ ಕುರುವದ ದಡದಲ್ಲಿ 400ರ ಮಿತಿಗೆ ಗೊಣಗುವ ಬೆಂಗಳೂರಿನ ಮಿತ್ರರು ಸೋಮವಾರ ಕುಡಿಯುವ ನೀರಿಗೆ ಆ ಮಿತಿಯೂ ಒಂದು ಬೇಲಿ. ಮೇಲಿನ ಕಾಡಿಗೆ ನಾಲ್ಕು ಸಾವಿರ ಜನ ನುಗ್ಗಿದರೆ ಅವರ ಬಾಟಲಿ, ಪೊಟ್ಟಣ ಎಲ್ಲಿಗೆ ಹರಿದು ಬರುತ್ತವೆ ಎಂಬುದಕ್ಕೆ ಭೂಪಟ ಸಾಕು.

ನಮ್ಮ ಬಂಧುಗಳು ಕೊನೆಗೆ ಒಂದು ಬುಧವಾರ-ಗುರುವಾರವನ್ನು ಗೊತ್ತು ಮಾಡಿಕೊಂಡಿದ್ದಾರೆ. ಹನ್ನೊಂದರಲ್ಲಿ ಇಬ್ಬರು ಹಿರಿಯರು ಬಂಡೆ ದಾಟುವುದಿಲ್ಲ, ತೆಪ್ಪ ಹತ್ತಿ ಈಚೆ ದಡದ ನೆರಳಿನಲ್ಲಿ ಕೂರುವುದಾಗಿ ಒಪ್ಪಿದ್ದಾರೆ. ಅಲ್ಲಿ ಮುಚ್ಚಿದ್ದರೆ ಏನು ಮಾಡುವುದೆಂದು ಕೇಳಿದರು. ತಿರುಮಕೂಡಲಿಗೆ ಮರಳಿ, ನೀರು ತಗ್ಗಿದ್ದರೆ ದೋಣಿಯವರನ್ನು ಕೇಳಿ ಸಂಗಮದ ನಡುಹೊಳೆ ಬಸವನ ಬಳಿಗೆ ಹೋಗಿಬನ್ನಿ ಎಂದೆವು. ಅದಕ್ಕೂ ಸುತ್ತ ನೀರಿದೆ. ಮಕ್ಕಳು ಇನ್ನೂ ಒಪ್ಪಿಲ್ಲ.